ಕಾಯಿಲೆ ಬಿದ್ದು ಎದ್ದ ಮೇಲೆ ಫಿಟ್‌ನೆಸ್ ಸರ್ಟಿಫಿಕೇಟ್ ಪಡೆಯುವುದು ಹೇಗೆ?

ರಜೆಯ ಕೊನೆಯ ಸಂಜೆ ಡಾಕ್ಟರ ಬಳಿ ಓಡಿ, ‘ನಾಳೆ ಡ್ಯೂಟಿಗೆ ಹೋಗಬೇಕು, ಒಂದು ಸರ್ಟಿಫಿಕೇಟ್ ಬರೆದುಕೊಡಿ ಸಾರ್’ ಎನ್ನುವವರೇ ಹೆಚ್ಚು. ಅವರು ಬಿಪಿ ನೋಡಿ ‘ಕೆಲಸಕ್ಕೆ ಅರ್ಹರು’ ಎಂದು ಒಂದು ಸಾಲು ಬರೆಯುತ್ತಾರೆ. ಯಾವ ಕೆಲಸಕ್ಕೆ ಎಂದು ಅವರೂ ಕೇಳಿರುವುದಿಲ್ಲ, ಇವರೂ ಹೇಳಿರುವುದಿಲ್ಲ. ಹರ್ನಿಯಾ ಆಪರೇಷನ್ ಆದವರು ಕೂತು ಲೆಕ್ಕ ಬರೆಯುವುದಕ್ಕೂ ಮೂಟೆ ಎತ್ತುವುದಕ್ಕೂ ಅಜಗಜಾಂತರ. ಅಂಥ ಚೀಟಿಯನ್ನು ಆಫೀಸು ವಾಪಸ್ ಕಳಿಸಿದರೆ ಒಂದು ದಿನ ಹಾಳು, ಅಷ್ಟೇ. ಒಪ್ಪಿಕೊಂಡು ಮೊದಲ ದಿನವೇ ಪೂರ್ತಿ ಕೆಲಸ ಹೊರಿಸಿದರೆ ಮತ್ತೆ ಹಾಸಿಗೆ ಹಿಡಿಯಬೇಕಾಗುತ್ತದೆ.

1. ಸಂಸ್ಥೆಗೆ ಏನು ಬೇಕು, ಕೇಳಿ. ಅವರದೇ ನಮೂನೆ ಇದೆಯೇ, ಚಿಕಿತ್ಸೆ ಕೊಟ್ಟವರ ಪತ್ರ ಸಾಕೇ, ಸಂಸ್ಥೆಯ ವೈದ್ಯರೂ ನೋಡಬೇಕೇ? ಉತ್ತರ ಬರಹದಲ್ಲಿರಲಿ.

2. ಕೆಲಸಕ್ಕೆ ಮರಳುವ ದಿನಕ್ಕೆ ಒಂದು ವಾರ ಮುಂಚೆಯೇ ಡಾಕ್ಟರ ಸಮಯ ಗೊತ್ತುಮಾಡಿಕೊಳ್ಳಿ. ಮತ್ತೊಂದು ರಕ್ತಪರೀಕ್ಷೆಯೋ ಎಕ್ಸ್‌ರೇಯೋ ಬೇಕೆಂದರೆ ಅದಕ್ಕೆ ಎಡೆಯಿರಬೇಕು. ಚಿಕಿತ್ಸೆ ಕೊಟ್ಟವರ ಬಳಿಗೇ ಹೋಗಿ. ಪರೀಕ್ಷಿಸದೆ, ಮುಖವನ್ನೂ ನೋಡದೆ ಆನ್‌ಲೈನ್‌ನಲ್ಲಿ ಸರ್ಟಿಫಿಕೇಟ್ ಮಾರುವವರ ಸಹವಾಸ ಖಂಡಿತ ಬೇಡ. ಹಿಂದಿನ ತಾರೀಕು ಹಾಕಿಸಿಕೊಳ್ಳುವುದೂ ಬೇಡ. ಆಸ್ಪತ್ರೆಯ ದಾಖಲೆಗೆ ತಾಳೆಯಾಗದಿದ್ದರೆ ಕೆಲಸಕ್ಕೇ ಸಂಚಕಾರ.

3. ಡಾಕ್ಟರಿಗೆ ತೋರಿಸಲು ನಿಮ್ಮ ಕೆಲಸದ ವಿವರದ ಚೀಟಿ ಬರೆಯಿರಿ. ಎಲ್ಲರೂ ಬಿಟ್ಟುಬಿಡುವ ಹಂತ ಇದು. ಒಂದು ಪುಟ ಸಾಕು. ‘ಸೂಪರ್‌ವೈಸರ್’, ‘ಆಪರೇಟರ್’ ಎಂಬ ಹುದ್ದೆಯ ಹೆಸರಿನಿಂದ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ. ಮೈ ಏನು ಮಾಡುತ್ತದೆ ಎಂಬುದನ್ನು ಬರೆಯಬೇಕು. ‘ಭಾರ ಎತ್ತುತ್ತೇನೆ’ ಎನ್ನಬೇಡಿ. ‘15 ಕಿಲೋ ಪೆಟ್ಟಿಗೆ, ನೆಲದಿಂದ ಎದೆಮಟ್ಟಕ್ಕೆ, ದಿನಕ್ಕೆ 40 ಸಲ’ ಎನ್ನಿ. ಹೊಟ್ಟೆಯ ಆಪರೇಷನ್ನಿನಲ್ಲಿ ಮೇಲಿನ ಚರ್ಮ ಎರಡು ವಾರದೊಳಗೆ ಕೂಡಿಕೊಂಡರೂ ಒಳಪದರ ಗಟ್ಟಿಯಾಗಲು ವಾರಗಟ್ಟಲೆ ಬೇಕು. ಹೊಟ್ಟೆ ಕೊಯ್ದು ಮಾಡಿದ ಆಪರೇಷನ್ ಆದರೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಭಾರ ಎತ್ತಬಾರದು ಎನ್ನುವುದು ಇದಕ್ಕೇ. ಸೊಂಟಕ್ಕೆ ಬೆಲ್ಟ್ ಬಿಗಿದರೆ ಈ ಅವಧಿ ಕಡಿಮೆಯಾಗುವುದಿಲ್ಲ, ಅದನ್ನು ನಂಬಿ ಭಾರ ಎತ್ತಬೇಡಿ.

ನಿಲ್ಲುವ ಗಂಟೆಗಳು, ಏಣಿ ಹತ್ತುವುದು, ವಾಹನ ಓಡಿಸುವುದು, ತಿರುಗುವ ಯಂತ್ರದ ಪಕ್ಕ ನಿಲ್ಲುವುದು, ಬಿಸಿ, ದೂಳು, ಒಬ್ಬರೇ ಇರುವ ಪಾಳಿ, ಮನೆಯಿಂದ ಕೆಲಸಕ್ಕೆ ಹೋಗಿಬರುವ ದಾರಿ ಎಲ್ಲವೂ ಚೀಟಿಯಲ್ಲಿರಲಿ. ರಾತ್ರಿ ಪಾಳಿಯನ್ನಂತೂ ಮರೆಯಲೇಬೇಡಿ: ನಿದ್ದೆಗೆಟ್ಟರೆ ಫಿಟ್ಸ್ ಮರುಕಳಿಸಬಹುದು, ಇನ್ಸುಲಿನ್ ತೆಗೆದುಕೊಳ್ಳುವವರ ಊಟದ ಹೊತ್ತು ಏರುಪೇರಾಗುತ್ತದೆ. ಕೊನೆಗೆ ಈಗ ನುಂಗುತ್ತಿರುವ ಮಾತ್ರೆಗಳ ಪಟ್ಟಿ. ನೋವಿಗೆ ಕೊಡುವ ಟ್ರಮಡಾಲ್, ಗಬಾಪೆಂಟಿನ್, ನೆಗಡಿ ಮಾತ್ರೆಯಲ್ಲಿರುವ ಕ್ಲೋರ್‌ಫೆನಿರಮೈನ್ ಮಂಪರು ತರಿಸುತ್ತವೆ. ಸ್ಟೀರಿಂಗ್ ಹಿಡಿಯುವವರು ಇದನ್ನು ಮುಚ್ಚಿಡಬಾರದು.

4. ಮನೆಯಲ್ಲೇ ಮೂರು ದಿನ ತಾಲೀಮು. ಕೆಲಸದ ದಿನದ ಹಾಗೇ ಎದ್ದು, ಅಷ್ಟೇ ಹೊತ್ತು ಕೂತು ಅಥವಾ ನಿಂತು, ನಡೆದು ನೋಡಿ. ಭಾರ ಎತ್ತುವುದನ್ನು ಮಾತ್ರ ಡಾಕ್ಟರು ಹೇಳುವ ತನಕ ಮುಟ್ಟಬೇಡಿ. ಆ ಸಂಜೆ ಹೇಗಿತ್ತು ಎಂಬುದಕ್ಕಿಂತ ಮರುದಿನ ಬೆಳಿಗ್ಗೆ ಹೇಗಿದೆ ಎಂಬುದನ್ನು ಬರೆದಿಡಿ. ವೈರಲ್ ಕಾಯಿಲೆಯ ಸುಸ್ತು ಒಂದು ದಿನ ತಡವಾಗಿ ಮೇಲೆರಗುವುದುಂಟು. ಪ್ಯಾರಾಸಿಟಮಾಲ್ ನುಂಗಿ ಇಳಿದ ಜ್ವರ ಲೆಕ್ಕಕ್ಕಿಲ್ಲ. ಮಾತ್ರೆಯಿಲ್ಲದೆ 24 ಗಂಟೆ ಜ್ವರ ಬಾರದಿರಬೇಕು.

ಅಂಟುರೋಗವಾದರೆ ನಿಮ್ಮ ಶಕ್ತಿಯೊಂದನ್ನೇ ನೋಡಿದರೆ ಸಾಲದು. ಚಿಕನ್‌ಪಾಕ್ಸ್ ಆಗಿದ್ದರೆ ಗುಳ್ಳೆಗಳೆಲ್ಲ ಒಣಗಿ ಹಕ್ಕಳೆ ಕಟ್ಟಿರಬೇಕು. ಆಹಾರ ಮುಟ್ಟುವ ಕೆಲಸದವರಿಗೆ ವಾಂತಿಭೇದಿ ನಿಂತ ಮೇಲೂ 48 ಗಂಟೆ ರಜೆ ಬೇಕು; ಟೈಫಾಯ್ಡ್ ಆಗಿದ್ದರೆ ಮಲಪರೀಕ್ಷೆಯೂ ಬೇಕಾಗಬಹುದು, ಏಕೆಂದರೆ ಜ್ವರ ಬಿಟ್ಟವರ ಹೊಟ್ಟೆಯಲ್ಲೂ ರೋಗಾಣು ಉಳಿದಿರಬಲ್ಲದು.

5. ಕೋಣೆಯಿಂದ ಹೊರಬರುವ ಮುನ್ನ ಸರ್ಟಿಫಿಕೇಟ್ ಓದಿ. ಹೆಸರು, ಪರೀಕ್ಷಿಸಿದ ತಾರೀಕು, ಕೆಲಸಕ್ಕೆ ಸೇರಬಹುದಾದ ತಾರೀಕು, ಸಹಿ, ಮೊಹರು, ವೈದ್ಯರ ನೋಂದಣಿ ಸಂಖ್ಯೆ ಇರಬೇಕು. ‘ಲೈಟ್ ಡ್ಯೂಟಿ’ ಎಂದಷ್ಟೇ ಬರೆದಿದ್ದರೆ ತಿದ್ದಿಸಿ; ಆ ಮಾತಿಗೆ ಒಬ್ಬೊಬ್ಬ ಮೇಲಧಿಕಾರಿಯೂ ಒಂದೊಂದು ಅರ್ಥ ಹಚ್ಚುತ್ತಾರೆ. ಹೀಗಿರಲಿ: ‘5 ಕಿಲೋಗಿಂತ ಹೆಚ್ಚು ಎತ್ತುವಂತಿಲ್ಲ, ಏಣಿ ಹತ್ತುವಂತಿಲ್ಲ, ಮೊದಲ ಎರಡು ವಾರ ದಿನಕ್ಕೆ ನಾಲ್ಕು ಗಂಟೆ, ನಂತರ ಮರುಪರೀಕ್ಷೆ’. ‘ಅರ್ಹ’, ‘ಅನರ್ಹ’ ಎಂಬ ಎರಡೇ ಚೌಕಗಳಿರುವ ಅಚ್ಚಿನ ನಮೂನೆಯಾದರೆ ಪಕ್ಕದ ಖಾಲಿ ಜಾಗದಲ್ಲಿ ಇದನ್ನು ಬರೆಸಿ. ರೋಗದ ಹೆಸರು ಕಡ್ಡಾಯವಲ್ಲದಿದ್ದರೆ, ಏನು ಮಾಡಬಹುದು, ಏನು ಮಾಡಬಾರದು ಎಂಬಷ್ಟನ್ನೇ ಬರೆಯುವಂತೆ ಕೇಳಿಕೊಳ್ಳಿ.

6. ನಕಲು ಇಟ್ಟುಕೊಂಡು ಮೂಲಪ್ರತಿ ಕೊಡಿ, ಸ್ವೀಕೃತಿ ಪಡೆಯಿರಿ.

ಕೆಲಸದ ನಡುವೆ ಎದೆನೋವು, ಏದುಸಿರು, ಗಾಯದಿಂದ ಸೋರಿಕೆ ಕಂಡರೆ ಪಾಳಿ ಮುಗಿಯಲೆಂದು ಕಾಯದೆ ಆಸ್ಪತ್ರೆಗೆ ಹೊರಡಿ. ಮರುಪರೀಕ್ಷೆಯ ತಾರೀಕಿಗೆ ನಾಲ್ಕು ದಿನ ಮೊದಲೇ ಡಾಕ್ಟರನ್ನು ಕಾಣಿ. ಅವಧಿ ಮುಗಿದ ಮರುದಿನದಿಂದ ನೀವು ಪೂರ್ತಿ ಕೆಲಸಕ್ಕೆ ಸಿದ್ಧ ಎಂದೇ ಆಫೀಸು ಲೆಕ್ಕ ಹಾಕುತ್ತದೆ.