ಜೇನುಪೆಟ್ಟಿಗೆ ಹೊರುವ ಪಿಕಪ್‌ಗೆ ನಾನು ಎಂಜಿನ್ ಆಯ್ದುಕೊಂಡ ಬಗೆ

ಹಳೆಯ ಪಿಕಪ್‌ನ ಡಿಪ್‌ಸ್ಟಿಕ್ ಎಳೆದು, ಬಟ್ಟೆಯಲ್ಲಿ ಒರೆಸಿ, ಮತ್ತೆ ಅದ್ದಿ ತೆಗೆದಾಗ ಎಂಜಿನ್ ಆಯಿಲ್ ಮೇಲಿನ ಗೆರೆಯನ್ನು ದಾಟಿ ಬೆರಳಗಲ ಮೇಲೇರಿತ್ತು. ಎರಡು ತಿಂಗಳಿಂದ ನಾನು ಆಯಿಲ್ ಹಾಕಿರಲೇ ಇಲ್ಲ. ಮೂಗಿನ ಬಳಿ ಹಿಡಿದರೆ ಡೀಸೆಲ್ ವಾಸನೆ. ಬೆರಳ ನಡುವೆ ಉಜ್ಜಿದರೆ ಆಯಿಲ್‌ಗೆ ಇರಬೇಕಾದ ಜಿಗುಟೇ ಇಲ್ಲ, ನೀರಿನ ಹಾಗೆ ಜಾರುತ್ತಿತ್ತು. ಮುಂದಿನ ಗಾಡಿಗೆ ಯಾವ ಎಂಜಿನ್ ಬೇಕು ಎಂಬ ಯೋಚನೆ ನನ್ನಲ್ಲಿ ಶುರುವಾದದ್ದು ಆ ಬೆಳಿಗ್ಗೆ.

ನಾನು ಜೇನು ಸಾಕುವವನು. ಹೂವು ಎಲ್ಲಿದೆಯೋ ಅಲ್ಲಿಗೆ ಪೆಟ್ಟಿಗೆಗಳನ್ನು ಸಾಗಿಸಬೇಕು. ಹುಳುಗಳೆಲ್ಲ ಗೂಡು ಸೇರಿದ ಮೇಲೆ, ಅಂದರೆ ಕತ್ತಲಾದ ನಂತರವೇ ಹೇರಬೇಕು. ಬೆಳಕು ಹರಿಯುವ ಮೊದಲು ಇಳಿಸಿ ಬಾಗಿಲು ತೆರೆಯಬೇಕು. ಮುಚ್ಚಿದ ಪೆಟ್ಟಿಗೆ ಬಿಸಿಲಿಗೆ ಸಿಕ್ಕರೆ ಒಳಗಿನ ಹುಳುಗಳು ಕಾವಿಗೆ ಸಾಯುತ್ತವೆ. ಹೇರುವಾಗ ಎಂಜಿನ್ ಚಾಲೂ ಇಡುವುದು ನಮ್ಮ ಕಸುಬಿನ ರೂಢಿ. ಗಾಡಿಯ ಸಣ್ಣ ನಡುಕಕ್ಕೆ ಹುಳುಗಳು ಹೊರಬರದೆ ಒಳಗೇ ಸುಮ್ಮನಿರುತ್ತವೆ. ಹೀಗಾಗಿ ಪ್ರತಿ ಸಾಗಾಟಕ್ಕೂ ನಲವತ್ತು ನಿಮಿಷ ಎಂಜಿನ್ ನಿಂತಲ್ಲೇ ಓಡುತ್ತದೆ. ಉಳಿದ ದಿನಗಳಲ್ಲಿ ಗಾಡಿಯ ಕೆಲಸ ಹತ್ತಿರ ಹತ್ತಿರದ ತಾಣಗಳಿಗೆ ಹೋಗಿ, ಪೆಟ್ಟಿಗೆ ನೋಡಿ ಬರುವುದಷ್ಟೇ.

ಈ ಬಗೆಯ ಓಡಾಟಕ್ಕೆ ಇಂದಿನ ಡೀಸೆಲ್ ಎಂಜಿನ್ ಹೇಳಿಸಿದ್ದಲ್ಲ ಎಂದು ನನಗೆ ತಿಳಿಯುವ ಹೊತ್ತಿಗೆ ಪೆಟ್ಟು ಬಿದ್ದಾಗಿತ್ತು. ಹೊಸ ಡೀಸೆಲ್ ಗಾಡಿಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಮೆಕ್ಯಾನಿಕ್‌ಗಳು ಡಿಪಿಎಫ್ ಎನ್ನುತ್ತಾರೆ. ತುಂಬಿದ ಮಸಿಯನ್ನು ಅದು ಆಗಾಗ ಸುಟ್ಟುಕೊಳ್ಳಬೇಕು. ಅದಕ್ಕೆ ಫಿಲ್ಟರ್ ಸುಮಾರು 600 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಬೇಕು, ಗಾಡಿ ಹೆದ್ದಾರಿಯಲ್ಲಿ ಒಂದೇ ಸಮನೆ ಹತ್ತಿಪ್ಪತ್ತು ನಿಮಿಷ ಓಡಬೇಕು. ಅಷ್ಟು ಕಾವು ತರಲು ಅನೇಕ ಎಂಜಿನ್‌ಗಳು ಸಿಲಿಂಡರಿಗೆ ತಡವಾಗಿ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತವೆ. ನಡುವೆ ನಾವು ಎಂಜಿನ್ ನಿಲ್ಲಿಸಿದರೆ ಸುಡುವ ಕೆಲಸ ಅರ್ಧಕ್ಕೆ ನಿಲ್ಲುತ್ತದೆ, ಉರಿಯದೆ ಉಳಿದ ಡೀಸೆಲ್ ಸಿಲಿಂಡರಿನ ಗೋಡೆಯಿಂದ ಇಳಿದು ಆಯಿಲ್ ಸೇರುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ ನಾನು ಕಂಡದ್ದು ಅದನ್ನೇ. ಅದಾದ ಮೂರು ವಾರಕ್ಕೆ, 42 ಪೆಟ್ಟಿಗೆ ಹೇರಿಕೊಂಡು ಬೆಟ್ಟ ಹತ್ತುವಾಗ ಫಿಲ್ಟರ್ ದೀಪ ಹೊತ್ತಿತು, ಎಂಜಿನ್ ತನ್ನ ಶಕ್ತಿಯನ್ನು ತಾನೇ ತಗ್ಗಿಸಿಕೊಂಡಿತು. ತಮ್ಮ ಜೊತೆಗಿದ್ದ. "ಅಣ್ಣ, ಬೆಳಗಾಗುವುದರೊಳಗೆ ಮುಟ್ಟುತ್ತೇವೆಯೇ?" ಎಂದು ಅವನು ನಾಲ್ಕು ಸಲ ಕೇಳಿದ. ಮುಟ್ಟಿದೆವು. ಆದರೆ ಇಳಿಸುವಾಗಲೇ ಬಿಸಿಲು ಬಂದು ಎರಡು ಗೂಡುಗಳನ್ನು ಕಳೆದುಕೊಂಡೆ. ಆ ಪೆಟ್ಟಿಗೆಗಳ ಮುಚ್ಚಳ ತೆಗೆದಾಗ ಮೇಣದ ಎರಿ ಕರಗಿ ಅಡಿಹಲಗೆಯ ಮೇಲೆ ಹುಳುಗಳು ಒದ್ದೆಯಾಗಿ ಗುಪ್ಪೆ ಬಿದ್ದಿದ್ದವು. ಅದನ್ನು ಮರೆಯಲು ನನಗಾಗಿಲ್ಲ.

ಹೊಸ ಗಾಡಿಗೆ ಕೈ ಹಾಕುವ ಮೊದಲು ಮೂರು ತಿಂಗಳು ಒಂದು ಪುಸ್ತಕ ಇಟ್ಟು ಪ್ರತಿ ಓಡಾಟವನ್ನೂ ಬರೆದೆ: ಎಷ್ಟು ದೂರ, ಎಷ್ಟು ತೂಕ, ಏರು ಎಷ್ಟು, ನಿಂತಲ್ಲಿ ಎಂಜಿನ್ ಎಷ್ಟು ಹೊತ್ತು ಓಡಿತು. ಒಟ್ಟು 96 ಓಡಾಟ. ಅವುಗಳಲ್ಲಿ 71 ಓಡಾಟ ಹನ್ನೆರಡು ಕಿಲೋಮೀಟರಿಗಿಂತ ಕಡಿಮೆ. ಬೆಟ್ಟಕ್ಕೆ ಭಾರ ಹೊತ್ತು ಹೋದದ್ದು ಬರೀ ಒಂಬತ್ತು ಸಲ. ನನ್ನನ್ನು ಕೇಳಿದ್ದರೆ "ನಾನು ಯಾವಾಗಲೂ ಬೆಟ್ಟಕ್ಕೆ ಲೋಡ್ ಎಳೆಯುವವನು" ಎಂದೇ ಹೇಳುತ್ತಿದ್ದೆ. ಕಷ್ಟದ ದಿನಗಳೇ ಮನಸ್ಸಿನಲ್ಲಿ ನಿಲ್ಲುತ್ತವೆ, ಅವನ್ನೇ ನಂಬಿ ಎಂಜಿನ್ ಕೊಳ್ಳುತ್ತೇವೆ.

ನಾನು ನೋಡಿದ ಗಾಡಿಗೆ ಮೂರು ಎಂಜಿನ್‌ಗಳ ಆಯ್ಕೆ ಇತ್ತು: ಟರ್ಬೊ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಇಲ್ಲದ ದೊಡ್ಡ ಆರು ಸಿಲಿಂಡರ್ ಪೆಟ್ರೋಲ್, ಟರ್ಬೊ ಇರುವ ಸಣ್ಣ ಪೆಟ್ರೋಲ್, ಟರ್ಬೊ ಡೀಸೆಲ್. ಮಾರುವವರು ಮೊದಲು ತೋರಿಸುವುದು ಟಾರ್ಕ್ ಅಂಕಿ. ಅದೊಂದನ್ನೇ ನೋಡಿದರೆ ಎಲ್ಲರೂ ಡೀಸೆಲ್ಲನ್ನೇ ಕೊಳ್ಳಬೇಕು. ಟೊಯೊಟಾ ಹೈಲಕ್ಸ್ ಉದಾಹರಣೆ ತೆಗೆದುಕೊಳ್ಳಿ. ಅದರ 2.7 ಲೀಟರ್ ಪೆಟ್ರೋಲ್ ಎಂಜಿನ್‌ಗೆ 245 ನ್ಯೂಟನ್ ಮೀಟರ್ ಟಾರ್ಕ್, 2.4 ಲೀಟರ್ ಡೀಸೆಲ್‌ಗೆ 400. ಆದರೆ ಗರಿಷ್ಠ ಶಕ್ತಿ ನೋಡಿದರೆ ಪೆಟ್ರೋಲಿನದು 122 ಕಿಲೋವ್ಯಾಟ್, ಡೀಸೆಲ್ಲಿನದು 110. ಟಾರ್ಕ್ ಎನ್ನುವುದು ಎಂಜಿನ್ ಎಷ್ಟು ಬಲವಾಗಿ ತಿರುಚುತ್ತದೆ ಎಂಬ ಲೆಕ್ಕ. ಬೆಟ್ಟ ಹತ್ತಲು ಬೇಕಾದದ್ದು ಶಕ್ತಿ, ಅಂದರೆ ಆ ತಿರುಚುವಿಕೆಯನ್ನು ನಿಮಿಷಕ್ಕೆ ಎಷ್ಟು ಸುತ್ತು ಮಾಡುತ್ತದೆ ಎಂಬುದೂ ಸೇರಿದ ಲೆಕ್ಕ. ನ್ಯೂಟನ್ ಮೀಟರನ್ನು ಆರ್‌ಪಿಎಂನಿಂದ, ಅಂದರೆ ನಿಮಿಷದ ಸುತ್ತುಗಳಿಂದ ಗುಣಿಸಿ 9549ರಿಂದ ಭಾಗಿಸಿದರೆ ಕಿಲೋವ್ಯಾಟ್ ಸಿಗುತ್ತದೆ. ಡೀಸೆಲ್ ಈ ಶಕ್ತಿಯನ್ನು ಕಡಿಮೆ ಸುತ್ತಿನಲ್ಲಿ, ಸದ್ದಿಲ್ಲದೆ ಕೊಡುತ್ತದೆ. ಪೆಟ್ರೋಲ್ ಎಂಜಿನ್ ಸುತ್ತು ಏರಿಸಿಕೊಂಡು, ಗದ್ದಲ ಮಾಡಿಕೊಂಡು ಕೊಡುತ್ತದೆ. ಗದ್ದಲವನ್ನು ನಾವು ದೌರ್ಬಲ್ಯ ಎಂದು ಭಾವಿಸುತ್ತೇವೆ.

ಹಾಗಾದರೆ ನನ್ನ ಬೆಟ್ಟ ಕೇಳುವುದೆಷ್ಟು? ಗಾಡಿ, ಪೆಟ್ಟಿಗೆ, ಟ್ರೇಲರ್, ಇಬ್ಬರು ಮನುಷ್ಯರು ಎಲ್ಲ ಸೇರಿ 3,850 ಕೆಜಿ. ಏರು ನೂರಕ್ಕೆ ಏಳು. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಆ ಭಾರವನ್ನು ಮೇಲೆತ್ತಲು ಸುಮಾರು 37 ಕಿಲೋವ್ಯಾಟ್ ಬೇಕು. ಚಕ್ರದ ಉರುಳು, ಗಾಳಿಯ ತಡೆಗೆ ಇನ್ನೊಂದು ಹತ್ತು ಸೇರಿಸಿ. ಐವತ್ತರ ಒಳಗೇ ಮುಗಿಯಿತು! ಜೇನು ಹೊತ್ತು ಇದಕ್ಕಿಂತ ಜೋರಾಗಿ ತಿರುವುಗಳಲ್ಲಿ ಹೋಗಲು ನನಗೆ ಮನಸ್ಸೂ ಇಲ್ಲ. ಆ ರಾತ್ರಿ ಕಾಗದದ ಮೇಲೆ ಈ ಅಂಕಿ ನೋಡಿದ ಮೇಲೆ, ದೊಡ್ಡ ಎಂಜಿನ್ ಇಲ್ಲದಿದ್ದರೆ ಬೆಟ್ಟ ಹತ್ತಲಾಗದು ಎಂಬ ಅಂಜಿಕೆ ಬಿಟ್ಟಿತು.

ಎತ್ತರದ ಮಾತು ಮಾತ್ರ ಉಳಿಯಿತು. ಮೇಲೇರಿದಂತೆ ಗಾಳಿ ತೆಳುವಾಗುತ್ತದೆ. ಟರ್ಬೊ ಇಲ್ಲದ ಎಂಜಿನ್ ಪ್ರತಿ 300 ಮೀಟರಿಗೆ ನೂರಕ್ಕೆ ಮೂರರಷ್ಟು ಶಕ್ತಿ ಕಳೆದುಕೊಳ್ಳುತ್ತದೆ ಎಂಬುದು ಸಾಮಾನ್ಯ ಲೆಕ್ಕ. ಟರ್ಬೊ ಗಾಳಿಯನ್ನು ಒತ್ತಿ ತುಂಬುವುದರಿಂದ ಈ ನಷ್ಟವನ್ನು ಬಹುಮಟ್ಟಿಗೆ ಸರಿದೂಗಿಸುತ್ತದೆ. ನನ್ನ ಹೂವಿನ ಹುಲ್ಲುಗಾವಲು 1,500 ಮೀಟರ್ ಎತ್ತರದಲ್ಲಿದೆ, ಅಂದರೆ ನೂರಕ್ಕೆ ಹದಿನೈದು ಹೋಯಿತು. ಹೋದರೂ ಬೇಕಾದಷ್ಟು ಉಳಿಯುತ್ತದೆ. ಮೂರು ಸಾವಿರ ಮೀಟರ್ ಎತ್ತರದಲ್ಲಿ ದುಡಿಯುವವರಾದರೆ ಟರ್ಬೊ ಇಲ್ಲದ ಎಂಜಿನ್ನನ್ನು ನಾನು ಸೂಚಿಸುವುದಿಲ್ಲ.

ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಒಂದು ಚೀಟಿ ಅಂಟಿಸಿರುತ್ತಾರೆ. ಆ ಗಾಡಿ ಎಷ್ಟು ಭಾರ ಹೊರಬಹುದು ಎಂಬುದು ಅದರಲ್ಲಿ ಇರುತ್ತದೆ. ಡೀಸೆಲ್ ಎಂಜಿನ್ ಹೆಚ್ಚು ಒತ್ತಡ ತಡೆಯಬೇಕಾದ್ದರಿಂದ ಅದರ ಮೈ ದಪ್ಪ, ತೂಕ ಜಾಸ್ತಿ. ಆ ತೂಕ ನಾವು ಹೊರುವ ಸರಕಿನ ಲೆಕ್ಕದಿಂದಲೇ ಕಳೆಯುತ್ತದೆ. ನಾನು ನೋಡಿದ ಪೆಟ್ರೋಲ್ ಗಾಡಿಯ ಚೀಟಿಯಲ್ಲಿ 905 ಕೆಜಿ, ಡೀಸೆಲ್ಲಿನದರಲ್ಲಿ 815. ನನ್ನ ಹೊರೆ: ಗಾಡಿಯ ಹಿಂದಿನ ತೊಟ್ಟಿಯಲ್ಲಿ 18 ಪೆಟ್ಟಿಗೆ 540 ಕೆಜಿ, ನಾವಿಬ್ಬರು 150, ಹಗ್ಗ, ಹೊಗೆಡಬ್ಬಿ, ಸಾಮಾನು 40, ಜೊತೆಗೆ ಟ್ರೇಲರಿನ ಮೂಗು ಕೊಕ್ಕೆಯ ಮೇಲೆ ಹೇರುವ 107. ಒಟ್ಟು 837. ಹೆಚ್ಚು ಎಳೆಯುತ್ತದೆ ಎಂದು ಕೊಳ್ಳಹೊರಟಿದ್ದ ಗಾಡಿ ನನ್ನ ಮಾಮೂಲಿ ಹೊರೆಯನ್ನೇ ನಿಯಮದೊಳಗೆ ಹೊರಲಾರದು! ಟ್ರೇಲರಿನ ಒಟ್ಟು ತೂಕದ ನೂರಕ್ಕೆ ಹತ್ತರಿಂದ ಹದಿನೈದರಷ್ಟು ಕೊಕ್ಕೆಯ ಮೇಲೆ ಬೀಳುತ್ತದೆ. ಅದನ್ನು ಈ ಲೆಕ್ಕಕ್ಕೆ ಸೇರಿಸಲು ಬಹಳ ಜನ ಮರೆಯುತ್ತಾರೆ.

ಡೀಸೆಲ್ ಅಲ್ಲಿಗೆ ಬಿಟ್ಟುಹೋಯಿತು. ಎರಡು ಪೆಟ್ರೋಲ್‌ಗಳ ನಡುವೆ ನಿರ್ಧರಿಸಲು ಲೋಡ್ ಹಾಕಿಯೇ ಓಡಿಸಿ ನೋಡುತ್ತೇನೆ ಎಂದೆ. ಮಾರುವವರು ಒಪ್ಪಲಿಲ್ಲ, ಖಾಲಿ ಗಾಡಿಯನ್ನು ಊರೊಳಗೆ ಒಂದು ಸುತ್ತು ಓಡಿಸಿದರೆ ಸಾಕಲ್ಲವೇ ಎಂದರು. ಖಾಲಿ ಪಿಕಪ್ಪನ್ನು ಎಂಥ ಎಂಜಿನ್ನೂ ಎಳೆಯುತ್ತದೆ. ಎರಡು ವಾರ ಬಿಡದೆ ಕೇಳಿದ ಮೇಲೆ ಒಪ್ಪಿದರು. 20 ಲೀಟರಿನ ನೀರಿನ ಕ್ಯಾನ್‌ಗಳನ್ನು ತೊಟ್ಟಿಗೂ ಟ್ರೇಲರಿಗೂ ತುಂಬಿ, ಒಂದೇ ಏರಿನಲ್ಲಿ ಎರಡೂ ಗಾಡಿ ಹತ್ತಿಸಿದೆ.

ಟರ್ಬೊ ಪೆಟ್ರೋಲ್ 2,200 ಸುತ್ತಿನಲ್ಲಿ, ಗೇರ್ ಬದಲಿಸದೆ, ಏನೂ ಇಲ್ಲದ ಹಾಗೆ ಏರಿತು. ಪಕ್ಕದಲ್ಲಿದ್ದ ತಮ್ಮ "ಅಣ್ಣ, ಇದೇ ಇರಲಿ" ಎಂದ. ಮೇಲೆ ಹೋಗಿ ಬಾನೆಟ್ ಎತ್ತಿದಾಗ ಕಾವು ಮುಖಕ್ಕೆ ರಾಚಿತು. ಭಾರ ಎಳೆಯುವಾಗ ಸಣ್ಣ ಟರ್ಬೊ ಎಂಜಿನ್ ತನ್ನನ್ನು ತಂಪಾಗಿಟ್ಟುಕೊಳ್ಳಲು ಹೆಚ್ಚು ಪೆಟ್ರೋಲ್ ಬೆರೆಸಿಕೊಳ್ಳಬೇಕಾಗುತ್ತದೆ. ಖಾಲಿ ಇದ್ದಾಗ ಉಳಿಸಿದ್ದು ಏರಿನಲ್ಲಿ ಖರ್ಚಾಗುತ್ತದೆ. ಟರ್ಬೊ ಇಲ್ಲದ ಎಂಜಿನ್ ಮೂರನೇ ಗೇರಿಗೆ ಇಳಿದು 3,400 ಸುತ್ತಿನಲ್ಲಿ ಗುಡುಗುತ್ತಾ ಏರಿತು. ಆದರೆ 50ರ ವೇಗ ಕೆಳಗಿಳಿಯಲಿಲ್ಲ, ಕಾವಿನ ಮುಳ್ಳು ಕದಲಲಿಲ್ಲ.

ನನ್ನ ಮನಸ್ಸು ಗಟ್ಟಿಯಾದದ್ದು ಇಳಿಜಾರಿನಲ್ಲಿ. ಪೆಟ್ರೋಲ್ ಎಂಜಿನ್‌ನಲ್ಲಿ ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದಾಗ ಗಾಳಿಯ ಬಾಗಿಲು ಮುಚ್ಚಿಕೊಳ್ಳುತ್ತದೆ, ಸಿಲಿಂಡರ್‌ಗಳು ಗಾಳಿಗಾಗಿ ಹೆಣಗುತ್ತವೆ, ಆ ಹೆಣಗಾಟವೇ ಗಾಡಿಯನ್ನು ಹಿಡಿದಿಡುತ್ತದೆ. ಎಂಜಿನ್ನಿನ ಗಾತ್ರ ದೊಡ್ಡದಾದಷ್ಟೂ ಹಿಡಿತ ಹೆಚ್ಚು. ಸಣ್ಣ ಟರ್ಬೊ ಎಂಜಿನ್ನಿನಲ್ಲಿ ಅದೇ ಗೇರಿನಲ್ಲಿ ಇಳಿಯುವಾಗ ತಿರುವಿಗೊಮ್ಮೆ ಬ್ರೇಕ್ ಒತ್ತಬೇಕಾಯಿತು. ಕೆಳಗೆ ಬಂದಾಗ ಸುಟ್ಟ ಲೈನಿಂಗ್ ವಾಸನೆ ಬರುತ್ತಿತ್ತು. ದೊಡ್ಡ ಎಂಜಿನ್ನಿನದು ಮೂರನೇ ಗೇರಿನಲ್ಲಿ 40ರ ವೇಗವನ್ನು ತಾನೇ ಹಿಡಿದುಕೊಂಡಿತು, ನನ್ನ ಕಾಲು ಬ್ರೇಕಿನ ಮೇಲೆ ಸುಮ್ಮನೆ ಆನಿಸಿತ್ತು. ರಾತ್ರಿ ಎರಡು ಗಂಟೆಗೆ, ಬೆನ್ನ ಹಿಂದೆ ಲಕ್ಷಾಂತರ ಜೀವ ಹೊತ್ತು ಇಳಿಯುವವನಿಗೆ ಏರಿನ ಮೌನಕ್ಕಿಂತ ಇದು ದೊಡ್ಡದು.

ಹುಡುಕಿದಾಗ ಇನ್ನೊಂದು ಸಂಗತಿಯೂ ಗೊತ್ತಾಯಿತು. ನೇರವಾಗಿ ಸಿಲಿಂಡರಿಗೇ ಪೆಟ್ರೋಲ್ ಚಿಮ್ಮಿಸುವ ಎಂಜಿನ್‌ಗಳಲ್ಲಿ ಗಾಳಿ ಒಳಬರುವ ವಾಲ್ವ್‌ಗಳ ಮೇಲೆ ಕಾಲಕ್ರಮೇಣ ಕಾರ್ಬನ್ ಗಟ್ಟಿಕಟ್ಟುತ್ತದೆ, ಏಕೆಂದರೆ ಅವುಗಳನ್ನು ತೊಳೆಯುವ ಪೆಟ್ರೋಲ್ ಆ ದಾರಿಯಲ್ಲಿ ಬರುವುದೇ ಇಲ್ಲ. ಫೋರ್ಡ್ ಕಂಪನಿ 2017ರ ಎಫ್-150 ಪಿಕಪ್‌ನ 3.5 ಲೀಟರ್ ಇಕೋಬೂಸ್ಟ್‌ನಲ್ಲಿ ನೇರ ಚಿಮ್ಮುವಿಕೆಯ ಜೊತೆಗೆ ವಾಲ್ವಿನ ಹಿಂದಿನಿಂದ ಚಿಮ್ಮುವ ಹಳೆಯ ಕ್ರಮವನ್ನೂ ಸೇರಿಸಿತು. ನಾನು ಕೊಂಡ ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ನಿನಲ್ಲಿ ಹಳೆಯ ಕ್ರಮ ಮಾತ್ರ ಇದೆ, ಅದು ನನಗೆ ಒಪ್ಪಿಗೆ.

ಎಂಜಿನ್ ಗೊತ್ತಾದ ಮೇಲೆ ಹಿಂದಿನ ಆ್ಯಕ್ಸಲ್‌ನ ಗೇರ್ ಅನುಪಾತವನ್ನೂ, ಅಂದರೆ ಚಕ್ರ ಒಂದು ಸುತ್ತು ತಿರುಗಲು ಅದನ್ನು ತಿರುಗಿಸುವ ದಂಡ ಎಷ್ಟು ಸುತ್ತು ತಿರುಗಬೇಕು ಎಂಬ ಅಂಕಿಯನ್ನೂ ಕೇಳಿ ಬರೆಸಿಕೊಂಡೆ. ಎರಡು ಬಗೆ ಇದ್ದವು, ಹೆಚ್ಚಿನ ಅಂಕಿಯದನ್ನು ತೆಗೆದುಕೊಂಡೆ. ಹೆದ್ದಾರಿಯಲ್ಲಿ ಸುತ್ತು ತುಸು ಹೆಚ್ಚು, ಭಾರ ಹೊತ್ತು ಹೊರಡುವಾಗ ಬಹಳ ಹಗುರ. ಈ ಪ್ರಶ್ನೆ ಕೇಳದೆ ಕೊಂಡವರಿಗೆ ಮಳಿಗೆಯಲ್ಲಿ ನಿಂತಿದ್ದ ಅನುಪಾತವೇ ಸಿಗುತ್ತದೆ.

ಎರಡು ಋತು ಕಳೆದಿವೆ, 23,000 ಕಿಲೋಮೀಟರ್ ಓಡಿದೆ. ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಇದನ್ನು ಮುಚ್ಚಿಡುವುದಿಲ್ಲ. ಹಳೆಯ ಡೀಸೆಲ್ ಲೀಟರಿಗೆ ಹತ್ತರ ಮೇಲೆ ಕೊಡುತ್ತಿತ್ತು, ಇದು ಏಳೂವರೆ ದಾಟುವುದಿಲ್ಲ; ವರ್ಷಕ್ಕೆ ಸುಮಾರು 400 ಲೀಟರ್ ಹೆಚ್ಚು. ಒಂದು ಲೀಟರ್ ಡೀಸೆಲ್‌ನಲ್ಲಿ ಪೆಟ್ರೋಲಿಗಿಂತ ನೂರಕ್ಕೆ ಹತ್ತಕ್ಕೂ ಹೆಚ್ಚು ಶಕ್ತಿಯಿದೆ, ಆ ಎಂಜಿನ್ನಿನ ಸಂಪೀಡನವೂ ಹೆಚ್ಚು. ಈ ಅಂತರ ಎಲ್ಲೂ ಹೋಗದು. ಇಷ್ಟು ಕೊಟ್ಟು ನಾನು ಪಡೆದದ್ದು ಗಂಟೆಗಟ್ಟಲೆ ನಿಂತಲ್ಲೇ ಓಡಿದರೂ ದೀಪ ಹೊತ್ತಿಸದ ಗಾಡಿಯನ್ನು.

ಕಳೆದ ತಿಂಗಳು ಇನ್ನೊಬ್ಬ ಜೇನುಗಾರರು ಬಂದು "ನೀವು ಪೆಟ್ರೋಲ್ ತೆಗೆದುಕೊಂಡಿರಂತೆ, ನಾನೂ ಅದನ್ನೇ ತೆಗೆದುಕೊಳ್ಳಲೇ?" ಎಂದು ಕೇಳಿದರು. ಅವರು ಹೂವಿನ ಹಿಂದೆ ಒಂದೊಂದು ಸಲ ಐನೂರು ಕಿಲೋಮೀಟರ್ ಹೆದ್ದಾರಿಯಲ್ಲಿ ಹೋಗುವವರು, ಉಳಿದ ದಿನ ಗಾಡಿ ಹೊರಗೆ ತೆಗೆಯುವುದೇ ಇಲ್ಲ, ಪೆಟ್ಟಿಗೆಗಳೆಲ್ಲ ಟ್ರೇಲರಿನ ಮೇಲೇ ಇರುತ್ತವೆ. ಅಂಥ ಓಟದಲ್ಲಿ ಫಿಲ್ಟರ್ ತಾನಾಗಿ ಸುಟ್ಟು ಶುಚಿಯಾಗುತ್ತದೆ, ಉಳಿತಾಯವೂ ಪೂರಾ ಸಿಗುತ್ತದೆ. "ನಿಮಗೆ ಡೀಸೆಲ್ಲೇ ಸರಿ, ಆದರೆ ಬಾಗಿಲ ಚೀಟಿ ಓದದೆ ಮುಂಗಡ ಕೊಡಬೇಡಿ" ಎಂದೆ. ಅವರು ನನ್ನ ಓಡಾಟದ ಪುಸ್ತಕ ಕೇಳಿದರು. ತುಂಬಿದ್ದನ್ನು ಇಟ್ಟುಕೊಂಡು, ಅದೇ ಕಾಲಂಗಳನ್ನು ಗೆರೆ ಎಳೆದ ಹೊಸ ಪುಸ್ತಕವನ್ನು ಕೊಟ್ಟೆ. ಮೂರು ತಿಂಗಳು ಬರೆದು ತರುತ್ತೇನೆ ಎಂದಿದ್ದಾರೆ.