ಕೆಲಸದ ದಿನದ ರಾತ್ರಿಗೆ ಸಾಲ್ಮನ್, ಅಣಬೆ, ಜೋನಿ ಬೆಲ್ಲ

ನಮ್ಮ ಮೂಡಿಗೆರೆ ಕಡೆ ಮೀನು ಅಂದ್ರೆ ಚಾರ್ಮಾಡಿ ಘಾಟಿ ಹತ್ತಿ ಬರುವ ಬಂಗುಡೆ, ಬೂತಾಯಿ, ಅಂಜಲ್. ಖಾರ ಅರೆದು, ಹುಳಿ ಹಾಕಿ ಸಾರು ಮಾಡೋದು ಎಲ್ಲರ ಕೈಗೂ ಒಗ್ಗಿದ ಅಡುಗೆ. ಸಾಲ್ಮನ್‌ಗೆ ಆ ದಾರಿ ಬೇಡ. ಅದು ತಣ್ಣೀರಿನ ಮೀನು, ನಮ್ಮ ದೇಶಕ್ಕೆ ಹೆಚ್ಚಾಗಿ ನಾರ್ವೆಯಿಂದ ಬರುತ್ತದೆ. ಮೈ ತುಂಬ ಕೊಬ್ಬು, ರುಚಿಯೆಲ್ಲ ಅದರಲ್ಲೇ. ಮಸಾಲೆ ಕಡಿಮೆ, ಬೆಂಕಿ ಕಡಿಮೆ, ಹೊತ್ತೂ ಕಡಿಮೆ ಸಾಕು. ಸಂಜೆ ಕೆಲಸ ಮುಗಿಸಿ ಬಂದು ಅಕ್ಕಿ ತೊಳೆದು ಕುಕ್ಕರ್ ಇಟ್ಟರೆ, ಅನ್ನ ಆಗಿ ಆವಿ ಇಳಿಯುವ ಹೊತ್ತಿಗೆ ಮೀನೂ ತಯಾರಾಗಿರುತ್ತದೆ.

ಇಲ್ಲಿ ಸಾಲ್ಮನ್ ಸುಲಭವಾಗಿ ಸಿಗಲ್ಲ. ಬೆಂಗಳೂರಿಗೋ ಮಂಗಳೂರಿಗೋ ಹೋದವರ ಕೈಲಿ ಹೆಪ್ಪುಗಟ್ಟಿದ ಪ್ಯಾಕೆಟ್ ತರಿಸುತ್ತೇನೆ, ಐಸ್ ಡಬ್ಬಿಯಲ್ಲಿ. ಬೆಲೆ ಜಾಸ್ತಿ, ಹಾಗಾಗಿ ತಿಂಗಳಿಗೊಮ್ಮೆಯ ಊಟ ಇದು. ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತೋ ಹೇಳೋಕಾಗಲ್ಲ, ಫ್ರೀಜರ್ ನಂಬಿಕೊಂಡು ತುಂಬಿಡಬೇಡಿ. ಆ ವಾರಕ್ಕೆ ಬೇಕಾದಷ್ಟೇ ತರಿಸಿ.

ಅಡುಗೆ ಶುರುವಾಗೋದು ಹಿಂದಿನ ರಾತ್ರಿ. ಮೀನನ್ನು ಫ್ರೀಜರ್‌ನಿಂದ ಕೆಳಗಿನ ತಟ್ಟೆಗೆ ಇಳಿಸುವಾಗ ಗಾಳಿ ತೆಗೆದು ಮುಚ್ಚಿದ ಪ್ಲಾಸ್ಟಿಕ್ ಕತ್ತರಿಸಿ ತೆಗೆದುಬಿಡಿ. ಗಾಳಿಯಾಡದ ಪ್ಯಾಕೆಟ್‌ನೊಳಗೆ ಮೀನು ಕರಗಿದರೆ, ಗಾಳಿ ಇಲ್ಲದ ಕಡೆಯೇ ಬೆಳೆಯುವ ಕೆಟ್ಟ ಬ್ಯಾಕ್ಟೀರಿಯಾಕ್ಕೆ ಅದು ಒಳ್ಳೆ ಜಾಗ. ಬಟ್ಟಲಿಗೆ ಹಾಕಿ, ಮೇಲೆ ತಟ್ಟೆ ಮುಚ್ಚಿ, ಫ್ರಿಜ್ಜಲ್ಲೇ ಬಿಡಿ. ಬಿಸಿನೀರಲ್ಲಿ ಕರಗಿಸಬೇಡಿ.

ಸಂಜೆ ಮೊದಲು ಬೆರಳನ್ನು ಮೀನಿನ ಮೇಲೆ ತಲೆಯಿಂದ ಬಾಲದ ಕಡೆಗೆ ನಿಧಾನವಾಗಿ ಆಡಿಸುತ್ತೇನೆ. ಸಣ್ಣ ಮುಳ್ಳು ಉಳಿದಿದ್ದರೆ ಕೈಗೆ ಚುಚ್ಚುತ್ತದೆ, ಚಿಮುಟದಲ್ಲಿ ಅದು ಹೋದ ದಿಕ್ಕಿಗೇ ಎಳೆದರೆ ಮಾಂಸ ಹರಿಯಲ್ಲ. ಆಮೇಲೆ ಉಪ್ಪುನೀರಲ್ಲಿ 10 ನಿಮಿಷ. ಸಾಲ್ಮನ್ ಬೇಯುವಾಗ ಪಕ್ಕದಿಂದ ಬಿಳಿ ಮೊಸರಿನ ಥರ ಒಸರುತ್ತಲ್ಲ, ಅದು ಮೀನಿನದೇ ಪ್ರೋಟೀನ್. ತಿಂದರೆ ಏನೂ ಆಗಲ್ಲ, ಆದ್ರೆ ಗ್ಲೇಜ್ (ಕೊನೆಗೆ ಮೀನಿನ ಮೇಲೆ ಹುಯ್ಯುವ ಹೊಳೆಯುವ ಪಾಕ) ಮೇಲೆ ಚೆನ್ನಾಗಿ ಕಾಣಲ್ಲ. ಉಪ್ಪುನೀರಿನಿಂದ ಅದು ತುಂಬ ಕಡಿಮೆ ಆಗುತ್ತದೆ. ತೆಗೆದ ಮೇಲೆ ಬಟ್ಟೆಯಲ್ಲಿ ಒತ್ತಿ ಒತ್ತಿ ಒರೆಸಬೇಕು, ಚರ್ಮದ ಕಡೆ ಇನ್ನೂ ಚೆನ್ನಾಗಿ. ಒದ್ದೆ ಚರ್ಮ ಬಾಣಲೆಗೆ ಅಂಟುತ್ತದೆ.

ಗ್ಲೇಜ್‌ಗೆ ಎಲ್ಲರೂ ಜೇನುತುಪ್ಪ ಹಾಕುತ್ತಾರೆ. ನಾನು ಹಾಕೋದು ಜೋನಿ ಬೆಲ್ಲ, ಅಂದ್ರೆ ಅಚ್ಚು ಕಟ್ಟದ ನೀರು ಬೆಲ್ಲ. ಮಲೆನಾಡಿನ ಮನೆಗಳಲ್ಲಿ ದೋಸೆಗೆ ಅಂತ ಡಬ್ಬಿಯಲ್ಲಿ ಇದ್ದೇ ಇರುತ್ತದೆ. ಬರೀ ಸಿಹಿ ಅಲ್ಲ, ಅದರಲ್ಲೊಂದು ಉಪ್ಪುಪ್ಪು ರುಚಿ ಇದೆ, ಸೋಯಾ ಸಾಸ್ ಜೊತೆ ಅದು ಚೆನ್ನಾಗಿ ಕೂರುತ್ತದೆ. 150 ಗ್ರಾಂನ 3 ತುಂಡಿಗೆ ಸೋಯಾ ಸಾಸ್ 3 ದೊಡ್ಡ ಚಮಚ, ಜೋನಿ ಬೆಲ್ಲ 2, ತುರಿದ ಶುಂಠಿ ಒಂದು ಸಣ್ಣ ಚಮಚ, ಜಜ್ಜಿದ ಬೆಳ್ಳುಳ್ಳಿ 3 ಎಸಳು. ಕಾಳುಮೆಣಸು ಮಾತ್ರ ಆಗಷ್ಟೇ ಕುಟ್ಟಿದ್ದಾಗಬೇಕು. ಕಾಫಿ ತೋಟದ ಸಿಲ್ವರ್ ಮರಕ್ಕೆ ಹಬ್ಬಿದ ಬಳ್ಳಿಯ ಮೆಣಸು ಮನೇಲಿರುವಾಗ ಪುಡಿ ಪ್ಯಾಕೆಟ್ ಯಾಕೆ ಬೇಕು? ಎರಡೆರಡು ಹೋಳಾಗುವಷ್ಟು ಕುಟ್ಟಿದರೆ ಸಾಕು. ನಿಂಬೆರಸ ಕೊನೆಗೆ, ಒಲೆ ಆರಿಸಿದ ಮೇಲೆ. ಕುದಿಸಿದರೆ ಪರಿಮಳ ಹಾರಿಹೋಗುತ್ತದೆ.

ಅಣಬೆಯೇ ಮೊದಲು ಒಲೆಗೆ. ಅಂಗಡಿಯ 200 ಗ್ರಾಂ ಬಟನ್ ಅಣಬೆ ಸಾಕು, ಚಿಪ್ಪಣಬೆ ಸಿಕ್ಕರೆ ಇನ್ನೂ ಒಳ್ಳೆಯದು. ಮೊದಲ ಮಳೆಗೆ ಏಳುವ ಹುತ್ತದ ಅಣಬೆಯನ್ನು ನಾನು ಇದಕ್ಕೆ ಹಾಕಲ್ಲ. ಅದರ ಸ್ವಂತ ರುಚಿ ದೊಡ್ಡದು, ಸೋಯಾ ಸಾಸ್ ಅದನ್ನು ಮುಚ್ಚಿಬಿಡುತ್ತದೆ. ಅದಕ್ಕೆ ಸಾರೇ ಸರಿ, ಅದೂ ಅಣಬೆ ಗುರುತು ಚೆನ್ನಾಗಿ ಗೊತ್ತಿರುವವರು ಕಿತ್ತು ತಂದಿದ್ದರೆ ಮಾತ್ರ.

ಅಣಬೆಯಲ್ಲಿ ನೂರಕ್ಕೆ 90 ಭಾಗ ನೀರೇ. ಆ ನೀರು ಹೋಗದೆ ಅದು ಕೆಂಪಾಗಲ್ಲ. ಅಗಲ ಬಾಣಲೆ ಚೆನ್ನಾಗಿ ಕಾಯಿಸಿ, ಎಣ್ಣೆ ಇಲ್ಲದೆ, ಒಂದರ ಮೇಲೊಂದು ಬೀಳದ ಹಾಗೆ ಹರಡಿ. ಸುಮ್ನೆ ಬಿಡಿ, ಕೈಯಾಡಿಸಬೇಡಿ. ಮೊದಲು ಕಿರುಗುಡುತ್ತದೆ, ಆಮೇಲೆ ನೀರು ಬಿಟ್ಟು ಕುದಿಯುವ ಸದ್ದು, ನೀರು ಇಂಗಿದಾಗ ಸದ್ದು ಮತ್ತೆ ಬದಲಾಗುತ್ತದೆ. ಆಗ ಒಂದು ಚಮಚ ಬೆಣ್ಣೆ ಹಾಕಿ. ಅಂಚು ಕಂದು ತಿರುಗಿದ ಮೇಲೆ ತೆಗೆದಿಡಿ. ಉಪ್ಪು ಬೇಡ, ಸೋಯಾ ಸಾಸ್‌ನಲ್ಲಿ ಬೇಕಾದಷ್ಟಿದೆ.

ಅದೇ ಬಾಣಲೆಗೆ ಒಂದು ಚಮಚ ಎಣ್ಣೆ, ಮಧ್ಯಮ ಉರಿ. ಮೀನನ್ನು ಚರ್ಮ ಕೆಳಗೆ ಮಾಡಿ ಇಟ್ಟು, ಮೊದಲ ಅರ್ಧ ನಿಮಿಷ ಸಟ್ಟುಗದಿಂದ ಮೆಲ್ಲಗೆ ಒತ್ತಿ ಹಿಡಿಯಬೇಕು, ಇಲ್ಲದಿದ್ದರೆ ಚರ್ಮ ಸುರುಟಿಕೊಳ್ಳುತ್ತದೆ. ಇನ್ನು ಬಗ್ಗಿ ಪಕ್ಕದಿಂದ ನೋಡುತ್ತಿರಿ. ಗಾಢ ಕಿತ್ತಳೆ ಮಾಂಸ ಕೆಳಗಿನಿಂದ ಮೇಲಕ್ಕೆ ತಿಳಿಗುಲಾಬಿಯಾಗುತ್ತ ಏರುತ್ತದೆ. ಆ ಗೆರೆ ಮುಕ್ಕಾಲು ಎತ್ತರ ಮುಟ್ಟಿದಾಗ ಮಗುಚಬೇಕು. ಒಂದು ಇಂಚು ದಪ್ಪದ ತುಂಡಿಗೆ 5ರಿಂದ 6 ನಿಮಿಷ ಹಿಡಿಯುತ್ತದೆ, ಆದ್ರೆ ಗಡಿಯಾರಕ್ಕಿಂತ ಆ ಗೆರೆಯೇ ಸರಿಯಾದ ಲೆಕ್ಕ. ಮಗುಚಿ ಒಂದೇ ನಿಮಿಷ, ತೆಗೆದು ತಟ್ಟೆಗೆ.

ಗ್ಲೇಜ್ ಈಗ ಬಾಣಲೆಗೆ, ಮೊದಲೇ ಅಲ್ಲ. ಬೆಲ್ಲ ಬೇಗ ಸೀಯುತ್ತದೆ, ಮೀನು ಬೇಯುವಷ್ಟು ಹೊತ್ತು ಅದು ತಡೆಯಲ್ಲ. ಹೆಚ್ಚಾದ ಎಣ್ಣೆ ಬಸಿದು, ಉರಿ ಸಣ್ಣ ಮಾಡಿ ಸುರಿಯಿರಿ. ಸಣ್ಣ ಗುಳ್ಳೆ ಹೋಗಿ ದೊಡ್ಡ, ಹೊಳೆಯುವ ಗುಳ್ಳೆ ಬರುತ್ತವೆ. ಚಮಚದ ಬೆನ್ನಿಗೆ ಹಚ್ಚಿ ಬೆರಳಲ್ಲಿ ಗೀರಿದರೆ ಗೀರು ಮುಚ್ಚಿಕೊಳ್ಳಬಾರದು. ಅಷ್ಟಾದರೆ ಅಣಬೆ, ಮೀನು ಎರಡನ್ನೂ ವಾಪಸ್ ಹಾಕಿ, ಚಮಚದಲ್ಲಿ ಗ್ಲೇಜ್ ಮೊಗೆದು ಮೀನಿನ ಮೇಲೆ ಹುಯ್ಯುತ್ತ ಅರ್ಧ ನಿಮಿಷ. ಒಲೆ ಆರಿಸಿ ನಿಂಬೆ ಹಿಂಡಿ.

ನಮ್ಮ ಅತ್ತೆಗೆ ನಡುವೆ ಮೆತ್ತಗಿರುವ ಮೀನು ಸೇರಲ್ಲ, ಪೂರ್ತಿ ಬೆಂದಿರಬೇಕು. ಅವರಿಗೆ ಬಾಲದ ತುಂಡು. ತೆಳ್ಳಗಿರುವುದರಿಂದ ಅದೇ ಹೊತ್ತಿನಲ್ಲಿ ಒಳಗಿನವರೆಗೂ ಬೇಯುತ್ತದೆ, ಬೇರೆ ಬೇರೆ ಬೇಯಿಸುವ ಗೋಜಿಲ್ಲ. ಬಸುರಿಯರು, ಚಿಕ್ಕ ಮಕ್ಕಳು, ವಯಸ್ಸಾದವರು ಇದ್ದರೆ ಒಳಗೆ 63 ಡಿಗ್ರಿ ಸೆಲ್ಸಿಯಸ್ ಮುಟ್ಟುವವರೆಗೆ ಬೇಯಿಸುವುದೇ ಕ್ಷೇಮ. ನನಗೆ ನಡುವಿನ ದಪ್ಪ ತುಂಡೇ ಇಷ್ಟ. ಬೆರಳಲ್ಲಿ ಒತ್ತಿದರೆ ಪದರ ಪದರ ಬಿಡಬೇಕು, ಒಳಗೆ ಇನ್ನೂ ಹೊಳಪಿರಬೇಕು.

ಬಿಸಿ ಅನ್ನದ ಜೊತೆ ಇದಕ್ಕೆ ಸರಿಸಾಟಿ ಇಲ್ಲ. ಪಕ್ಕಕ್ಕೆ ಸೌತೆಕಾಯಿ ಹೋಳಿದ್ದರೆ ಸಾಕು.

ಮಾರುಕಟ್ಟೆಯಲ್ಲಿ ಇಂಡಿಯನ್ ಸಾಲ್ಮನ್ ಅಂತ ಮಾರುವ ರಾವಸ್ ಬೇರೆಯೇ ಮೀನು, ಮಾಂಸ ಬೆಳ್ಳಗೆ, ಕೊಬ್ಬು ಕಡಿಮೆ. ಜೂನ್, ಜುಲೈನಲ್ಲಿ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧ ಇರುವಾಗ ಈ ಹೆಪ್ಪುಗಟ್ಟಿದ ಸಾಲ್ಮನ್ ಅನುಕೂಲ. ಆಗಸ್ಟ್‌ನಲ್ಲಿ ದೋಣಿ ಇಳಿದ ಮೇಲೆ ತಾಜಾ ರಾವಸ್ ಸಿಕ್ಕರೆ ಇದೇ ಗ್ಲೇಜ್‌ನಲ್ಲಿ ಮಾಡಿ. ಎಣ್ಣೆ ಒಂದು ಚಮಚ ಜಾಸ್ತಿ ಹಾಕಿ, ಬೆಂದ ತಕ್ಷಣ ಇಳಿಸಿ. ಕೊಬ್ಬಿಲ್ಲದ ಮೀನು ಒಂದು ನಿಮಿಷ ಹೆಚ್ಚಾದರೂ ಒಣಗಿಬಿಡುತ್ತದೆ.