ಪೈಪಿನ ಪ್ರೆಶರ್‌ನಿಂದ ಕರೆಂಟ್: ಚಿತ್ರದುರ್ಗದ ಒಂದು ಸಂಪಿನ ಲೆಕ್ಕ

ನೀರಿನ ಪೈಪಿಗೆ ಟರ್ಬೈನ್ ಕೂರಿಸುವ ಮೊದಲು ನೋಡಬೇಕಾದ್ದು ಒಂದೇ: ಆ ಪ್ರೆಶರ್ ಈಗ ಎಲ್ಲಾದರೂ ಸುಮ್ಮನೆ ಹಾಳಾಗುತ್ತಿದೆಯಾ? ಪಂಪ್ ತಳ್ಳುತ್ತಿರುವ ಲೈನಿಗೆ ಅಡ್ಡ ಇಟ್ಟರೆ ಒಂದು ಯೂನಿಟ್ ತೆಗೆಯಲು ಹೆಚ್ಚುಕಡಿಮೆ ಮೂರು ಯೂನಿಟ್ ಸುಡಬೇಕು. ದಾವಣಗೆರೆಯ ಸಮತಟ್ಟು ಬಡಾವಣೆಗಳಲ್ಲಿ ಹೆಚ್ಚಾಗಿ ಹೀಗೇ ಆಗುತ್ತದೆ. ಚಿತ್ರದುರ್ಗದ ಇಳಿಜಾರಿನಲ್ಲಿ ಮೇಲಿನ ಮನೆಗಳಿಗೆಂದು ಎತ್ತರದಲ್ಲಿಟ್ಟ ಟ್ಯಾಂಕಿನ ನೀರು ಕೆಳಗಿನ ಸಂಪಿಗೂ ಬೀಳುತ್ತದೆ. ಅಲ್ಲಿ ವಾಲ್ವ್ ಅರ್ಧ ಮುಚ್ಚಿ ಪ್ರೆಶರ್ ಮುರಿಯುತ್ತಾರೆ. ನಾವು ಕೂರಿಸಿದ್ದು ಅಂಥ ಜಾಗದಲ್ಲಿ.

ನೀರು ನಿಂತಾಗ ಗೇಜ್ ತೋರಿಸುವ ಅಂಕಿ ನಂಬಬೇಡಿ. ಅಲ್ಲಿ ನಿಂತಾಗ 2.2 ಬಾರ್, ಹರಿಯುವಾಗ 1.5, ಲೆಕ್ಕಕ್ಕೆ ಬರುವುದು ಎರಡನೆಯದು, ಅಂದರೆ 15 ಮೀಟರ್ ಹೆಡ್ (ಅಷ್ಟು ಎತ್ತರದಿಂದ ನೀರು ಬಿದ್ದಷ್ಟು ಒತ್ತಡ). ಹರಿವು ಅಳೆಯಲು ಮೀಟರ್ ಬೇಕಿಲ್ಲ. ಸಂಪಿನ ನೀರನ್ನು ಹೊರಗೆ ತಳ್ಳುವ ಬೂಸ್ಟರ್ ಮೋಟಾರ್ ನಿಲ್ಲಿಸಿದಾಗ 6×4 ಮೀಟರ್ ಸಂಪಿನಲ್ಲಿ 6 ನಿಮಿಷಕ್ಕೆ 30 ಸೆಂ.ಮೀ. ಏರಿತು: ಸೆಕೆಂಡಿಗೆ 20 ಲೀಟರ್. ಗುರುತ್ವ 9.81 × ಹರಿವು 0.02 (ಸೆಕೆಂಡಿಗೆ ಘನ ಮೀಟರ್) × ಹೆಡ್ 15 ಅಂದರೆ 2.9 ಕಿಲೋವ್ಯಾಟ್. ದಕ್ಷತೆ ಟರ್ಬೈನಿಗೆ 60%, ಜನರೇಟರಿಗೆ 85% ಹಿಡಿದರೆ ಕೈಗೆ ಸಿಗುವುದು 1.5 ಕಿಲೋವ್ಯಾಟ್.

ಈ ಅಳತೆಗೆ ಟರ್ಬೈನ್ ಮಾಡಿಸುವುದು ದಂಡ. ಸಾಮಾನ್ಯ ಸೆಂಟ್ರಿಫ್ಯೂಗಲ್ ಪಂಪನ್ನೇ, ನೀರು ಹೊರಬರುವ ಬಾಯಿಂದ ನೀರು ಒಳಬಿಟ್ಟು, ಹಿಂದುಮುಂದಾಗಿ ಓಡಿಸಬಹುದು. ಆದರೆ 20 ಲೀಟರ್, 15 ಮೀಟರ್‌ನ ಪಂಪ್ ತರಬೇಡಿ, ಅದು ದೊಡ್ಡದಾಗುತ್ತದೆ. ಪಂಪಾಗಿ ಸೆಕೆಂಡಿಗೆ 14 ಲೀಟರ್, 9–10 ಮೀಟರ್‌ನಲ್ಲಿ ಚೆನ್ನಾಗಿ ಓಡುವ, 4 ಪೋಲ್‌ನ 3 ಎಚ್‌ಪಿ ಸಾಕು. ಇಂಪೆಲ್ಲರ್ (ಒಳಗೆ ತಿರುಗುವ ಚಕ್ರ) ನಟ್‌ಗೆ ಲಾಕ್ ವಾಷರ್ ಹಾಕಿ, ಉಲ್ಟಾ ತಿರುಗಿದಾಗ ಸಡಿಲವಾಗಬಹುದು. ಲೈನಿಗೆ ಸೇರಿಸಿದ ಪಂಪಿನ ಮೋಟಾರ್ ನಿಮಿಷಕ್ಕೆ 1500 ಸುತ್ತಿಗಿಂತ ತುಸು ವೇಗವಾಗಿ ತಿರುಗಿದರೆ ತಾನೇ ಜನರೇಟರ್ ಆಗುತ್ತದೆ. ಪವರ್ ಫ್ಯಾಕ್ಟರ್ ಸರಿಪಡಿಸಲು ಹಾಕುವ ಕೆಪಾಸಿಟರ್ 1 ಕೆವಿಎಆರ್ (ಅದರ ಸಾಮರ್ಥ್ಯದ ಅಳತೆ) ಮೀರಬಾರದು. ಹೆಚ್ಚಾದರೆ ಲೈನ್ ಹೋದ ಮೇಲೂ ವೋಲ್ಟೇಜ್ ಹುಟ್ಟಿ, ಮುಟ್ಟಿದವರಿಗೆ ಶಾಕ್.

ಕರೆಂಟ್ ಹೋದ ಗಳಿಗೆಯೇ ನಿಜವಾದ ಪರೀಕ್ಷೆ. ಲೋಡ್ ತಪ್ಪಿದ ಪಂಪ್ ಹುಚ್ಚೆದ್ದು ತಿರುಗುತ್ತದೆ, ಹರಿವು ಕುಗ್ಗಿ ಹಿಂದಿನ ಪೈಪಿಗೆ ಏಟು ಬೀಳುತ್ತದೆ. ಆದ್ದರಿಂದ ಬೈಪಾಸ್ (ಪಂಪನ್ನು ಬಿಟ್ಟು ಸುತ್ತಿ ಹೋಗುವ ಪೈಪ್) ಮೊದಲು ತೆರೆಯಬೇಕು, ಆಮೇಲೆ ಇನ್‌ಲೆಟ್ ಬಟರ್‌ಫ್ಲೈ ವಾಲ್ವ್ ನಿಧಾನವಾಗಿ ಮುಚ್ಚಬೇಕು. ನೀರು ಬಿಟ್ಟ ಮೊದಲ ಕಾಲು ಗಂಟೆ ಬೈಪಾಸ್‌ನಲ್ಲೇ ಹೋಗಲಿ: ಖಾಲಿ ಪೈಪಿನ ಗಾಳಿ, ಕಸ, ಕೆಂಪು ಮಣ್ಣು ಎಲ್ಲ ಆಗ ಬರುತ್ತವೆ. ಸೀಲ್ ತಿನ್ನುವುದು ಇದೇ ಮಣ್ಣು.

ಹುಟ್ಟಿದ ಕರೆಂಟನ್ನು ಸಂಪಿನ 5 ಎಚ್‌ಪಿ ಬೂಸ್ಟರೇ ನುಂಗುತ್ತದೆ, ಮಾರುವ ಮಾತಿಲ್ಲ. ಆದರೂ ಬೆಸ್ಕಾಂ ಒಪ್ಪಿಗೆ ಇಲ್ಲದೆ ಲೈನಿಗೆ ಸೇರಿಸಬೇಡಿ.

ಖರ್ಚು: ಪಂಪ್ 35,000, ಪ್ಯಾನೆಲ್ ಮತ್ತು ರಿಲೇ 45,000, ಎರಡು ಆಕ್ಚುಯೇಟರ್ ವಾಲ್ವ್ (ತಾವೇ ತೆರೆದು ಮುಚ್ಚುವಂಥವು) 80,000, ಪೈಪ್, ಸ್ಟ್ರೈನರ್, ಕಾಂಕ್ರೀಟ್ 60,000, ಒಟ್ಟು 2.2 ಲಕ್ಷ. ದಿನಕ್ಕೆ 12 ಗಂಟೆ ಹರಿದರೆ ವರ್ಷಕ್ಕೆ ಸುಮಾರು 6,500 ಯೂನಿಟ್. 7 ರೂಪಾಯಿಯಂತೆ 46,000. ಸೀಲ್, ಬೇರಿಂಗ್‌ಗೆ 10,000 ಕಳೆದರೆ ಆರು ವರ್ಷದಲ್ಲಿ ಅಸಲು. ಹರಿಯುವುದು 4 ಗಂಟೆ ಮಾತ್ರವಾದರೆ ಆದಾಯ 15,000, ರಿಪೇರಿ ಅದೇ 10,000. ಅಂಥ ಕಡೆ ಆ ದುಡ್ಡಲ್ಲಿ ಹಳೇ ಬೂಸ್ಟರ್ ಬದಲಿಸಿ.